ಮೂಕಜೀವದ ಕಂಠ, ಗೃಹಸ್ಥನ ವಿವೇಕ

ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಸೋಲದೇವನಹಳ್ಳಿ ಈಗ ಹಳ್ಳಿಯೂ ಅಲ್ಲ, ಪೂರ್ತಿ ಪಟ್ಟಣವೂ ಅಲ್ಲ. ತುಮಕೂರಿನ ಕಡೆಗೆ ಸಾಗುವ ರೈಲುಮಾರ್ಗ, ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು, ದಿನದಿನಕ್ಕೆ ಏಳುತ್ತಿರುವ ಹೊಸ ಮನೆಗಳು ಅದರ ಇಂದಿನ ಚಹರೆ. ಅಂಥ ಬಡಾವಣೆಯ ಒಂದು ಜೈನ ಕುಟುಂಬವನ್ನು ಮನಸ್ಸಿಗೆ ತಂದುಕೊಳ್ಳಬಹುದು. ಮನೆಯ ಬಾಗಿಲಲ್ಲಿ 12 ವರ್ಷದ ಲ್ಯಾಬ್ರಡಾರ್ ನಾಯಿಯೊಂದು ಮಲಗಿದೆ. ಕೆಲವು ವಾರಗಳಿಂದ ಅದರ ಬೊಗಳುವ ದನಿ ಒಡೆದಿದೆ. ನೀರು ಕುಡಿದ ಮರುಗಳಿಗೆ ಕೆಮ್ಮುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದಂತೆ ಓಕರಿಸುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದು ಉಸಿರೆಳೆದುಕೊಳ್ಳುವ ಗೊರಗೊರ ಸದ್ದು ಪಡಸಾಲೆಯಿಂದ ಕೋಣೆಗಳವರೆಗೂ ಕೇಳಿಸುತ್ತದೆ.

ಮನೆಯಲ್ಲಿ ಒಮ್ಮತವಿಲ್ಲ. "ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣಮ್ಮ. ಏನೇನು ಪರೀಕ್ಷೆ ಇದೆಯೋ ಎಲ್ಲ ಮಾಡಿಸಿ, ಆಪರೇಷನ್ ಬೇಕೆಂದರೆ ಅದೂ ಆಗಲಿ" ಎನ್ನುತ್ತಾನೆ ಮಗ. "ಬೇಡ ಕಣಪ್ಪ, ಈ ವಯಸ್ಸಿನಲ್ಲಿ ಅದರ ಗಂಟಲಿಗೆ ಕತ್ತಿ ಹಾಕಿಸಬೇಡ. ಅದರ ಕರ್ಮ, ಅದು ಅನುಭವಿಸಿ ಕಳೆದುಕೊಳ್ಳಲಿ" ಎನ್ನುತ್ತಾರೆ ತಾಯಿ. ಸಂಜೆ ಬಂದ ನೆರೆಯವರು ದನಿ ತಗ್ಗಿಸಿ, "ಒಂದು ಸೂಜಿಯಲ್ಲಿ ಮುಗಿಯುತ್ತದೆ, ಪಾಪ, ನರಳುವುದು ತಪ್ಪುತ್ತದೆ" ಎಂದು ಹೇಳಿ ಹೋಗುತ್ತಾರೆ. ಮೂವರೂ ದಯೆಯ ಹೆಸರಿನಲ್ಲಿಯೇ ಮಾತನಾಡಿದ್ದಾರೆ. ಆದರೆ ನಾಯಿಗೆ ಆಗಿರುವುದೇನು ಎಂಬುದು ಮೂವರಿಗೂ ತಿಳಿದಿಲ್ಲ.

ಈ ತಿಳಿಯದಿರುವಿಕೆಯೇ ಇಲ್ಲಿ ಮೊದಲು ವಿಚಾರಿಸಬೇಕಾದ ಸಂಗತಿ. ದಶವೈಕಾಲಿಕ ಸೂತ್ರವು ಅರಿವನ್ನು ಮೊದಲಿಗಿಟ್ಟು ದಯೆಯನ್ನು ಅದರ ಹಿಂದೆ ನಿಲ್ಲಿಸುತ್ತದೆ. ಹಿತ ಯಾವುದು, ಅಹಿತ ಯಾವುದು ಎಂದು ಅರಿಯದವನು ಮರುಗಿದರೂ ಆ ಮರುಕ ದಾರಿ ತಪ್ಪಬಹುದು. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಅದರ ಮೂಲದಲ್ಲಿ ಇರಿಸಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ಕೈಯೆತ್ತಿ ಹೊಡೆಯುವುದಷ್ಟೇ ಹಿಂಸೆಯಲ್ಲ. ನೋಡಬೇಕಾದುದನ್ನು ನೋಡದೆ, ಕೇಳಬೇಕಾದವರನ್ನು ಕೇಳದೆ ದಿನ ದೂಡುವುದೂ ಜೀವಕ್ಕೆ ಬಾಧೆ ತರಬಲ್ಲದು. ಆದ್ದರಿಂದ ಮುದಿನಾಯಿಯ ರೋಗವನ್ನು ಪತ್ತೆ ಮಾಡಿಸಬೇಕೇ ಎಂಬ ಪ್ರಶ್ನೆ ಖರ್ಚಿನ ಪ್ರಶ್ನೆ ಮಾತ್ರವಲ್ಲ, ಅಹಿಂಸಾಣುವ್ರತಕ್ಕೂ ಸೇರಿದ ಪ್ರಶ್ನೆ.

ಜೈನಶಾಸ್ತ್ರದ ಎಣಿಕೆಯಲ್ಲಿ ನಾಯಿ ಮನಸ್ಸುಳ್ಳ ಪಂಚೇಂದ್ರಿಯ ಜೀವಿ. ಮನುಷ್ಯನಿಗೆ ಇರುವ ಹತ್ತು ಪ್ರಾಣಗಳೂ ಅದಕ್ಕಿವೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಉಚ್ಛ್ವಾಸನಿಃಶ್ವಾಸ ಮತ್ತು ಆಯುಸ್ಸು. ಗಂಟಲಿನ ಬೇನೆ ಇವುಗಳಲ್ಲಿ ಎಷ್ಟನ್ನು ತಟ್ಟುತ್ತದೆ ಎಂದು ಯೋಚಿಸಬೇಕು. ಬೊಗಳು ಒಡೆದಾಗ ವಚನಬಲ ಕುಂದುತ್ತದೆ. ಉಸಿರು ಸಿಕ್ಕಿಕೊಂಡಾಗ ಶ್ವಾಸಪ್ರಾಣವೇ ಅಲುಗುತ್ತದೆ. ನುಂಗಲಾಗದಾಗ ಕಾಯಬಲ ಸೋರುತ್ತದೆ. ಮಾತು ಬಾರದ ಪ್ರಾಣಿಗೆ ಇದ್ದ ಒಂದೇ ದನಿಯೂ ಅಡಗುತ್ತಿರುವಾಗ ಅದರ ಪರವಾಗಿ ಕೇಳಬೇಕಾದವರು ಮನೆಯವರೇ.

ನಾಯಿ ತಾನೇ ಎಂಬ ಹಗುರ ಭಾವನೆಗೆ ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂದೋ ಉತ್ತರ ಕೊಟ್ಟಿದ್ದಾರೆ. ಧರ್ಮದ ಬಲದಿಂದ ನಾಯಿಯೂ ದೇವನಾಗಬಹುದು, ಪಾಪದ ಫಲವಾಗಿ ದೇವನೂ ನಾಯಿಯಾಗಬಹುದು ಎಂಬುದು ಅವರ ಮಾತಿನ ತಾತ್ಪರ್ಯ. ಇದಕ್ಕೆ ಹೊಂದುವ ಕಥೆ ಜೀವಂಧರನದು. ಕನ್ನಡದಲ್ಲಿ 15ನೆಯ ಶತಮಾನದ ಭಾಸ್ಕರ ಕವಿ ಈ ಚರಿತೆಯನ್ನು ಷಟ್ಪದಿಯಲ್ಲಿ ಹಾಡಿದ್ದಾನೆ. ಯಜ್ಞದ ಅನ್ನವನ್ನು ಮುಟ್ಟಿತೆಂದು ಹೊಡೆತ ತಿಂದು ಬಿದ್ದ ನಾಯಿಯೊಂದು ಉಳಿಯಲಾರದ ಸ್ಥಿತಿಯಲ್ಲಿದ್ದಾಗ ಜೀವಂಧರ ಅದರ ಬಳಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಉಪಕಾರವನ್ನು ಮರೆಯದೆ ಮುಂದೆ ಅವನ ನೆರವಿಗೆ ಬರುತ್ತದೆ.

ಇದೇ ಕನ್ನಡ ನಾಡಿನಲ್ಲಿ ನಾಯಿಗೆ ಕಲ್ಲು ನೆಡಿಸಿದ ಇತಿಹಾಸವೂ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನ ಪ್ರಸಿದ್ಧವಾದುದು. ಗಂಗರ ಬೂತುಗನಿಂದ ಮಣಲೆರನೆಂಬ ವೀರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಅದು ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಆ ಗೌರವ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಕೊಂದದ್ದಕ್ಕೆ ಸಂದ ಗೌರವ. ಜೀವಂಧರ ತೋರಿದ ಆದರಕ್ಕೆ ನಾಯಿ ಯಾವ ಪರಾಕ್ರಮವನ್ನೂ ಮೆರೆಯಬೇಕಾಗಿರಲಿಲ್ಲ. ಅದು ನೋಯುತ್ತಿತ್ತು, ಅಷ್ಟೇ ಸಾಕಾಯಿತು. ಕಾವಲು ಕಾಯಲಾಗದ, ಬೊಗಳಲೂ ಆಗದ ಮುದಿನಾಯಿಗೆ ಸಲ್ಲಬೇಕಾದುದು ಈ ಎರಡನೆಯ ಬಗೆಯ ಆದರ.

ಇನ್ನು ಅರಿಯುವ ಬಗೆ. ಗಂಟಲಿನ ಸದ್ದಿಗೆ ಕಾರಣ ಒಂದೇ ಅಲ್ಲ. ಸಾಮಾನ್ಯ ಸೋಂಕಿನ ಕೆಮ್ಮಿರಬಹುದು, ಹಲ್ಲಿನ ಬುಡದ ಕೀವಿರಬಹುದು, ಮೂಳೆಯ ಚೂರೋ ಕಡ್ಡಿಯೋ ಸಿಕ್ಕಿರಬಹುದು, ಗಡ್ಡೆ ಬೆಳೆದಿರಬಹುದು. ಪಾಮೇರಿಯನ್‌ನಂಥ ಚಿಕ್ಕ ತಳಿಗಳಲ್ಲಿ ಶ್ವಾಸನಾಳ ಸಡಿಲಗೊಂಡು ಕುಸಿಯುವುದುಂಟು. ಹೃದಯದ ತೊಂದರೆಯೂ ಕೆಮ್ಮಾಗಿ ಕಾಣಿಸಿಕೊಳ್ಳಬಲ್ಲದು. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯ ಮುದಿನಾಯಿಗಳಲ್ಲಿ ಧ್ವನಿಪೆಟ್ಟಿಗೆಯ ಪಾರ್ಶ್ವವಾಯು ಹೆಚ್ಚಾಗಿ ಕಾಣುತ್ತದೆ. ಉಸಿರೆಳೆದಾಗ ಬಾಗಿಲಿನಂತೆ ತೆರೆಯಬೇಕಾದ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ನರದ ದುರ್ಬಲತೆಯಿಂದ ತೆರೆಯುವುದಿಲ್ಲ. ದನಿ ಬದಲಾಗುವುದು, ಉಸಿರಿನ ಗೊರಗೊರ, ನೀರು ಕುಡಿದಾಗ ಕೆಮ್ಮು ಇವು ಅದರ ಲಕ್ಷಣಗಳು. ಹಿಂಗಾಲುಗಳ ಬಲ ಕುಗ್ಗುವುದೂ ಅನೇಕ ವೇಳೆ ಜೊತೆಗೂಡುತ್ತದೆ. ಒಂದು ಕಾರಣಕ್ಕೆ ನಾಲ್ಕು ದಿನದ ಮಾತ್ರೆ ಸಾಕು, ಇನ್ನೊಂದಕ್ಕೆ ಜೀವಮಾನದ ಎಚ್ಚರಿಕೆ ಬೇಕು. ತಿಳಿಯದೆಯೇ "ಅದರ ಕರ್ಮ" ಎನ್ನುವುದೂ ತಿಳಿಯದೆಯೇ "ಆಪರೇಷನ್ ಆಗಲಿ" ಎನ್ನುವುದೂ ಒಂದೇ ಬಗೆಯ ಅವಸರ.

ಇಲ್ಲಿ ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದಿದೆ. ದನಿ ಬದಲಾಗುವುದು, ನುಂಗಲಾಗದಿರುವುದು, ಜೊಲ್ಲು ಸುರಿಯುವುದು, ದವಡೆ ಜೋತುಬೀಳುವುದು ಹುಚ್ಚುನಾಯಿ ರೋಗವಾದ ರೇಬಿಸ್‌ನಲ್ಲೂ ಉಂಟು. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ಭಾವಿಸಿ ಬರಿಗೈಯನ್ನು ಬಾಯೊಳಗೆ ಹಾಕುವುದು ಅಪಾಯಕರ. ಪ್ರತಿವರ್ಷ ಲಸಿಕೆ ಹಾಕಿಸಿದ ನಾಯಿಯಾದರೂ ಆ ದಾಖಲೆಯನ್ನು ಕೈಯಲ್ಲಿ ಹಿಡಿದು ಪಶುವೈದ್ಯರ ಬಳಿಗೇ ಹೋಗಬೇಕು. ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗುವುದು ಕರ್ತವ್ಯ. ದಯೆಯಲ್ಲಿ ಸ್ವಪರ ಎರಡೂ ಸೇರಿವೆ.

ಉತ್ತರ ಬೆಂಗಳೂರಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಇಂದು ಬೀದರ್‌ನಲ್ಲಿ ಕೇಂದ್ರವಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಂಗವಾಗಿ, ರೋಗಪರೀಕ್ಷೆ ಮತ್ತು ಬೋಧನೆಯನ್ನು ಜೊತೆಯಾಗಿ ನಡೆಸುತ್ತಿದೆ. ಎಲ್ಲಿಗೆ ಹೋದರೂ ಕಡಿಮೆ ಬಾಧೆಯ ಪರೀಕ್ಷೆಯಿಂದ ಹೆಚ್ಚಿನದರ ಕಡೆಗೆ ಹೋಗುವುದು ಸರಿಯಾದ ಕ್ರಮ. ರಾತ್ರಿಯ ಉಸಿರಿನ ಸದ್ದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ಪ್ರಾಣಿಗೆ ಎಳ್ಳಷ್ಟೂ ನೋವಿಲ್ಲದೆ ವೈದ್ಯರಿಗೆ ಬಹಳಷ್ಟು ತಿಳಿಯುತ್ತದೆ. ಅನಂತರ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ, ರಕ್ತಪರೀಕ್ಷೆ, ಎದೆ ಮತ್ತು ಕತ್ತಿನ ಎಕ್ಸ್‌ರೇ. ಧ್ವನಿಪೆಟ್ಟಿಗೆಯ ಚಲನೆಯನ್ನು ಕಣ್ಣಾರೆ ಕಾಣಬೇಕಾದರೆ ಹಗುರವಾದ ಅರಿವಳಿಕೆ ಬೇಕು. ಮುದಿಪ್ರಾಣಿಯಲ್ಲಿ ಅದಕ್ಕೆ ಮೊದಲು ಹೃದಯ, ಮೂತ್ರಪಿಂಡಗಳ ಸ್ಥಿತಿಯನ್ನು ನೋಡಿಕೊಳ್ಳುತ್ತಾರೆ.

ಪ್ರತಿ ಮೆಟ್ಟಿಲಿನಲ್ಲೂ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಪರೀಕ್ಷೆಯ ಉತ್ತರದಿಂದ ಮುಂದೆ ಮಾಡುವ ಆರೈಕೆ ಬದಲಾಗುತ್ತದೆಯೇ? ಬದಲಾಗುವುದಾದರೆ ಪರೀಕ್ಷೆಯ ನೋವಿಗೆ ಅರ್ಥವಿದೆ. ಬದಲಾಗದಿದ್ದರೆ ಅದು ಮನೆಯವರ ಕುತೂಹಲಕ್ಕೋ ಸಮಾಧಾನಕ್ಕೋ ಪ್ರಾಣಿಗೆ ಕೊಟ್ಟ ತೊಂದರೆಯಾಗುತ್ತದೆ.

ಹಾಗಾದರೆ ಚುಚ್ಚುವುದು, ಕೊಯ್ಯುವುದು ಹಿಂಸೆಯಲ್ಲವೇ ಎಂದು ತಾಯಿ ಕೇಳುವುದು ನ್ಯಾಯವೇ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಛೇದವೂ ಒಂದು. ಇದಕ್ಕೆ ಸಮಾಧಾನ ಪೂಜ್ಯಪಾದ ಆಚಾರ್ಯರ ಸರ್ವಾರ್ಥಸಿದ್ಧಿಯಲ್ಲಿದೆ. ಪರರಿಗೆ ದುಃಖ ಕೊಟ್ಟರೆ ಪಾಪಬಂಧವಾಗುವುದು ಎಂಬ ವಿಚಾರದಲ್ಲಿ ಅವರು ವೈದ್ಯನ ನಿದರ್ಶನವನ್ನು ತರುತ್ತಾರೆ. ಪರಮ ಕರುಣೆಯುಳ್ಳ ವೈದ್ಯನೊಬ್ಬ ಮುನಿಯ ಮೈಮೇಲಿನ ಕುರುವನ್ನು ಸೀಳುತ್ತಾನೆ. ನೋವಾಗುತ್ತದೆ, ಆದರೂ ಆ ಹೊರಗಿನ ನಿಮಿತ್ತ ಮಾತ್ರದಿಂದ ಅವನಿಗೆ ಪಾಪ ಅಂಟುವುದಿಲ್ಲ. ನಿರ್ಣಯಿಸುವುದು ಒಳಗಿನ ಪರಿಣಾಮ. ಅತಿಚಾರದಲ್ಲಿ ಹೇಳಿದ ಛೇದ ಕಿವಿ ಮೂಗುಗಳನ್ನು ಕತ್ತರಿಸುವ ಕ್ರೌರ್ಯ. ಕುರುವನ್ನು ಸೀಳುವುದು ಚಿಕಿತ್ಸೆ. ಎರಡರಲ್ಲೂ ಆಯುಧ ಒಂದೇ ಇರಬಹುದು, ಹಿಡಿದ ಮನಸ್ಸು ಬೇರೆ.

ಆದರೆ ಅದೇ ನಿದರ್ಶನ ಮಗನಿಗೂ ಪಾಠ ಹೇಳುತ್ತದೆ. ವೈದ್ಯನ ಮನಸ್ಸು ಶಲ್ಯರಹಿತವಾಗಿರಬೇಕು ಎಂಬ ಮಾತೂ ಅಲ್ಲಿದೆ. ನಾಯಿಯನ್ನು ಬಿಟ್ಟಿರಲಾರೆ ಎಂಬ ರಾಗ, ಮುಂದೆ ತನ್ನನ್ನು ಯಾರೂ ದೂರಬಾರದೆಂಬ ಅಳುಕು, ಏನೂ ಮಾಡಲಿಲ್ಲವೆಂಬ ಪಶ್ಚಾತ್ತಾಪದ ಭಯ ಇವೆಲ್ಲ ಕರುಣೆಯ ವೇಷದಲ್ಲಿಯೇ ಬರುತ್ತವೆ. ಧ್ವನಿಪೆಟ್ಟಿಗೆಯ ಪಾರ್ಶ್ವವಾಯುವಿಗೆ ಶಸ್ತ್ರಚಿಕಿತ್ಸೆಯಿದೆ. ಒಂದು ಬದಿಯ ಮೃದ್ವಸ್ಥಿಯನ್ನು ಹೊಲಿಗೆಯಿಂದ ಹಿಂದಕ್ಕೆ ಎಳೆದು ಕಟ್ಟಿ ಉಸಿರಿನ ದಾರಿಯನ್ನು ತೆರೆಯುತ್ತಾರೆ. ಉಸಿರು ಕಟ್ಟಿ ಒದ್ದಾಡುವ ನಾಯಿಗೆ ಅದು ದೊಡ್ಡ ಉಪಶಮನ. ಆದರೆ ಆ ದಾರಿ ಸದಾ ತೆರೆದೇ ಇರುವುದರಿಂದ ಅನ್ನ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯ ಜೀವವಿರುವವರೆಗೂ ಉಳಿಯುತ್ತದೆ. ರೋಗ ಹಗುರವಾಗಿದ್ದರೆ ಎಷ್ಟೋ ನಾಯಿಗಳನ್ನು ಶಸ್ತ್ರವಿಲ್ಲದೆಯೇ ನೋಡಿಕೊಳ್ಳಬಹುದು. ವಯಸ್ಸೊಂದೇ ಚಿಕಿತ್ಸೆ ಬೇಡವೆನ್ನಲು ಕಾರಣವಾಗದು. ಹಣವೊಂದೇ ಚಿಕಿತ್ಸೆ ಬೇಕೆನ್ನಲು ಕಾರಣವಾಗಬಾರದು. ಈ ನಾಯಿಗೆ ಉಳಿದಿರುವ ದಿನಗಳಲ್ಲಿ ನೆಮ್ಮದಿಯ ಉಸಿರು ಹೆಚ್ಚುವುದೇ ಎಂಬುದೇ ತಕ್ಕಡಿಯ ಮುಳ್ಳು.

ಕರ್ಮದ ಮಾತಿಗೂ ಉತ್ತರ ಬೇಕು. ಅಸಾತಾವೇದನೀಯ ಕರ್ಮದ ಉದಯದಿಂದ ದುಃಖ ಬರುವುದೆಂಬುದು ಸಿದ್ಧಾಂತ, ನಿಜ. ಆದರೆ ಆ ತತ್ತ್ವ ತನ್ನ ನೋವನ್ನು ತಾನು ಸಮತೆಯಿಂದ ಸಹಿಸುವುದಕ್ಕೆ ಆಧಾರ, ಪರರ ನೋವನ್ನು ಕಂಡೂ ಕಾಣದಂತಿರಲು ನೆಪವಲ್ಲ. ಹಾಗಲ್ಲವಾದರೆ ನಾಲ್ಕು ದಾನಗಳಲ್ಲಿ ಔಷಧದಾನವನ್ನು ಆಚಾರ್ಯರು ಏಕೆ ಎಣಿಸುತ್ತಿದ್ದರು? ಔಷಧವೂ ವೈದ್ಯನೂ ನಿಮಿತ್ತಗಳು. ನಿಮಿತ್ತವನ್ನು ಒದಗಿಸುವುದು ಗೃಹಸ್ಥನ ಕೆಲಸ, ಫಲ ಅವನ ಕೈಯಲ್ಲಿಲ್ಲ. ಮುಂಬಯಿಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಆಜ್ಞೆ ಜಾರಿಗೆ ಬಂದಾಗ ಪಾರ್ಸಿಗಳು ಪ್ರತಿಭಟಿಸಿದರು, ಜೈನರೂ ಇತರರೂ ಜೊತೆಗೂಡಿದರು. ಎರಡು ವರ್ಷಗಳ ಬಳಿಕ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾ ಅವರ ಪ್ರಯತ್ನದಿಂದ ಅಲ್ಲಿ ಪಾಂಜರಾಪೋಳ ನೆಲೆಗೊಂಡಿತು. ಆ ಪ್ರಾಣಿಗಳ ಕರ್ಮ ಹಾಗಿತ್ತೆಂದು ಅವರು ಸುಮ್ಮನೆ ಕೂರಲಿಲ್ಲ. ನಾಡಿನ ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ ಪ್ರಕಾರ ಪ್ರಾಣಿಯನ್ನು ಇಟ್ಟುಕೊಂಡವನು ಅದರ ಕ್ಷೇಮವನ್ನು ನೋಡಿಕೊಳ್ಳಲು, ಅನಗತ್ಯ ನೋವನ್ನು ತಪ್ಪಿಸಲು ಬದ್ಧ.

ನೆರೆಯವರ ಸಲಹೆ ಎಲ್ಲಕ್ಕಿಂತ ಕಠಿಣವಾದುದು. ನರಳುವ ಜೀವವನ್ನು ಕೊಂದು ದುಃಖದಿಂದ ಬಿಡಿಸುತ್ತೇವೆಂಬ ವಾದವನ್ನು ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಸಲ್ಲೇಖನದ ಹೆಸರನ್ನೂ ಇಲ್ಲಿ ತರಲಾಗದು. ಅದು ವಿವೇಕವುಳ್ಳ ಸಾಧಕ ತಾನಾಗಿ ಕೈಗೊಳ್ಳುವ ವ್ರತ, ಒಬ್ಬರ ಪರವಾಗಿ ಇನ್ನೊಬ್ಬರು ಕೊಡಿಸುವಂಥದಲ್ಲ. ಮಹಾವೀರಸ್ವಾಮಿಯ ಹಿಂದಿನ ಭವದ ಸಿಂಹ, ಪಾರ್ಶ್ವನಾಥರ ಹಿಂದಿನ ಭವದ ಆನೆ ವ್ರತ ಹಿಡಿದ ಕಥೆಗಳಲ್ಲಿ ಆ ಪ್ರಾಣಿಗಳೇ ಎಚ್ಚತ್ತು ಹಿಡಿದವು. ಆದ್ದರಿಂದ ಕೊನೆಗಾಲವೆಂದು ಭಾವಿಸಿ ಮನೆಯವರು ನಾಯಿಗೆ ಅನ್ನ ನೀರು ನಿಲ್ಲಿಸಿದರೆ ಅದು ಧರ್ಮವಾಗದು, ಅನ್ನಪಾನನಿರೋಧವೆಂಬ ಅತಿಚಾರವೇ ಆಗುತ್ತದೆ. ಸೂರ್ಯಾಸ್ತದ ಮೇಲೆ ಔಷಧ ಕೊಡಬೇಕಾಗಿ ಬಂದಾಗಲೂ ಇದೇ ವಿವೇಕ. ರಾತ್ರಿಭೋಜನ ತ್ಯಾಗ ಮಾಡಿದವರು ತಾಯಿ, ನಾಯಿಯಲ್ಲ. ವೈದ್ಯರು ಹೇಳಿದ ಹೊತ್ತಿಗೆ ಮಾತ್ರೆಯನ್ನೂ ನೀರನ್ನೂ ಕೊಡುವುದರಿಂದ ಅವರ ವ್ರತಕ್ಕೆ ಭಂಗವಿಲ್ಲ.

ಆದರೆ ಕೊಲ್ಲಬಾರದು ಎಂದವರ ಮೇಲೆ ಒಂದು ಋಣ ಬೀಳುತ್ತದೆ. ಸೂಜಿ ಬೇಡವೆಂದು ಹೇಳಿ ಎದ್ದು ಒಳಗೆ ಹೋಗುವುದು ಸುಲಭ. ಹಾಗೆಂದವರೇ ನೋವು ತಗ್ಗಿಸುವ ಔಷಧವನ್ನು ಕೇಳಿ ತರಬೇಕು, ಉಸಿರು ಕಟ್ಟಿದ ರಾತ್ರಿ ಎಚ್ಚರವಿರಬೇಕು, ಹೊಲಸನ್ನು ತೊಳೆಯಬೇಕು, ಮಗ್ಗುಲು ಹೊರಳಿಸಬೇಕು. ಆ ಶ್ರಮಕ್ಕೆ ಹೆಗಲು ಕೊಡದೆ ಹೇಳುವ ಅಹಿಂಸೆಯ ಮಾತಿಗೆ ಬೆಲೆ ಕಡಿಮೆ. ಬೇರೆ ದಾರಿ ಕಾಣದೆ ಅಳುತ್ತಲೇ ಬೇರೆ ನಿರ್ಧಾರಕ್ಕೆ ಬಂದ ಕುಟುಂಬಗಳನ್ನು ಜರಿಯುವುದಕ್ಕೆ ಇದು ಹತಾರವೂ ಆಗಬಾರದು. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳು ಮನುಷ್ಯರಿಗೂ ಸಲ್ಲತಕ್ಕವು.

ಹಣವಿದ್ದವರೂ ಇಲ್ಲದವರೂ ಇಂದೇ ಮಾಡಬಹುದಾದ ಕೆಲಸಗಳು ಕೆಲವಿವೆ. ಬಂಧವೆಂಬುದು ಮೊದಲ ಅತಿಚಾರ. ಬೇನೆಯ ಗಂಟಲನ್ನು ಒತ್ತುವ ಕೊರಳಪಟ್ಟಿಯನ್ನು ಬಿಚ್ಚಿ ಎದೆಗೆ ಹಾಕುವ ಹಾರ್ನೆಸ್ ತರುವುದು ಅದರ ಅತ್ಯಂತ ಸರಳ ಪರಿಹಾರ. ಬಿಸಿಲೇರುವ ಮುನ್ನ ತಿರುಗಾಡಿಸಿ, ಹಗಲೆಲ್ಲ ತಂಪಾದ ನೆಲದಲ್ಲಿ ಮಲಗಿಸಬೇಕು. ಮೈತೂಕ ಹೆಚ್ಚಿದ್ದರೆ ವೈದ್ಯರ ಸಲಹೆಯಂತೆ ಇಳಿಸಬೇಕು. ಊದುಬತ್ತಿ, ಸೊಳ್ಳೆಬತ್ತಿಯ ಹೊಗೆಯಿಂದ ದೂರವಿಡಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು, ಮುಖ್ಯವಾಗಿ ಐಬುಪ್ರೊಫೆನ್ ಮೊದಲಾದವನ್ನು, ತಾವಾಗಿ ಕೊಡಬಾರದು. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ಹಾನಿಕರ. ಜೈನರ ಅಡುಗೆಮನೆಯಲ್ಲಿ ಆ ಚಿಂತೆ ಕಡಿಮೆ. ಆದರೆ ಪಾಯಸದ ಒಣದ್ರಾಕ್ಷಿಯೂ ಅದಕ್ಕೆ ವಿಷವಾಗಬಲ್ಲದು. ನಾಲಗೆ ನೀಲಿಯಾದರೆ, ಉಸಿರಿಗಾಗಿ ಕತ್ತು ಚಾಚಿ ನಿಂತರೆ ಚರ್ಚೆಗೆ ಹೊತ್ತಿಲ್ಲ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಸೋಲದೇವನಹಳ್ಳಿಯ ಆ ಮನೆಗೆ ಮರಳಿದರೆ ಮೂವರ ಮಾತಿನಲ್ಲೂ ಉಳಿಸಿಕೊಳ್ಳಬೇಕಾದುದು ಇದೆ. ಮಗನಿಂದ ಆಸ್ಪತ್ರೆಗೆ ಹೊರಡುವ ಉತ್ಸಾಹ, ತಾಯಿಯಿಂದ ಕತ್ತಿಗೆ ಮುನ್ನ ಹಿಂಜರಿಯುವ ಸಂಯಮ, ನೆರೆಯವರಿಂದ ನೋವು ಮುಗಿಯಲಿ ಎಂಬ ಹಂಬಲ. ನಾಳೆ ಬೆಳಗ್ಗೆ ಬಿಸಿಲೇರುವ ಮೊದಲು ತಾಯಿ ಮಗ ಇಬ್ಬರೂ ಆ ನಾಯಿಯೊಡನೆ ಹೆಬ್ಬಾಳದ ದಾರಿ ಹಿಡಿಯಲಿ. ವೈದ್ಯರು ಹೇಳುವುದನ್ನು ಪೂರ್ತಿ ಕೇಳಲಿ. ರೋಗ ಕಳೆಯುವಂಥದಾದರೆ ಔಷಧದಾನ ಸಾರ್ಥಕ. ಕಳೆಯದಂಥದಾದರೆ ಅದರ ತಲೆ ತೊಡೆಯ ಮೇಲಿರಲಿ, ಬಟ್ಟಲಲ್ಲಿ ನೀರಿರಲಿ, ಕಿವಿಯ ಬಳಿ ಣಮೋಕಾರದ ಮೆಲುದನಿಯಿರಲಿ. ಜೀವಂಧರನಿಗೂ ಅದಕ್ಕಿಂತ ಹೆಚ್ಚಿನದು ಸಾಧ್ಯವಾಗಲಿಲ್ಲ, ಅಷ್ಟಕ್ಕೆ ಕಡಿಮೆಯಾದುದನ್ನು ಅವನು ಮಾಡಲೂ ಇಲ್ಲ.